ಪಿಗ್ಮೆಂಟ್ಸ್

ಪಿಗ್ಮೆಂಟ್ಸ್: ಸೋರ್ಸ್ ಕೋಡ್‌ನ ಬೇರೆ ಬೇರೆ ಅಂಶಗಳನ್ನು ಬಣ್ಣಗಳಿಂದ ಗುರುತಿಸಿ ತೋರಿಸುವ ಮುಕ್ತ ತಂತ್ರಾಂಶ ಲೈಬ್ರರಿ. ಪೈಥಾನ್ ಭಾಷೆಯಲ್ಲಿ ರಚಿತವಾಗಿದೆ. ಮೂಲ ಕರ್ತೃ ಗೇಯೋರ್ಗ್ ಬ್ರಾಂಡ್ಲ್. ಮೊದಲ ಬಿಡುಗಡೆ 2006ರಲ್ಲಿ, ಪರವಾನಗಿ ಬಿಎಸ್‌ಡಿ.

ಇದರ ಲೆಕ್ಸರ್ ಎಂಬ ಘಟಕ ಪಠ್ಯವನ್ನು ಟೋಕನ್‌ಗಳಾಗಿ ಬಿಡಿಸಿ, ಕೀವರ್ಡ್, ಸ್ಟ್ರಿಂಗ್, ಸಂಖ್ಯೆ, ಕಾಮೆಂಟ್ ಎಂದು ವಿಂಗಡಿಸುತ್ತದೆ. ಬಳಿಕ ಫಾರ್ಮ್ಯಾಟರ್ ಆಯ್ದ ಸ್ಟೈಲ್‌ನ ಬಣ್ಣಗಳನ್ನು ಹಚ್ಚಿ ಎಚ್‌ಟಿಎಂಎಲ್, ಲೇಟೆಕ್, ಆರ್‌ಟಿಎಫ್ ಅಥವಾ ಟರ್ಮಿನಲ್‌ಗೆ ಒಪ್ಪುವ ರೂಪದಲ್ಲಿ ಹೊರತರುತ್ತದೆ. ಕೋಡನ್ನು ಇದು ಚಲಾಯಿಸುವುದಿಲ್ಲ, ಸರಿತಪ್ಪುಗಳನ್ನೂ ಪರಿಶೀಲಿಸುವುದಿಲ್ಲ. ಹಾಗಾಗಿ ಅಪೂರ್ಣ ಕೋಡ್‌ಗೂ ಬಣ್ಣ ಹಚ್ಚಬಲ್ಲದು.

500ಕ್ಕೂ ಹೆಚ್ಚು ಭಾಷೆ ಮತ್ತು ಪಠ್ಯ ವಿನ್ಯಾಸಗಳನ್ನು ಪಿಗ್ಮೆಂಟ್ಸ್ ಗುರುತಿಸುತ್ತದೆ. ಸ್ಫಿಂಕ್ಸ್ ದಾಖಲೀಕರಣ ಸಾಧನ, ಲೇಟೆಕ್‌ನ ಮಿಂಟೆಡ್ ಪ್ಯಾಕೇಜ್ ಹಾಗೂ ವಿಕಿಪೀಡಿಯದ ಆಧಾರವಾದ ಮೀಡಿಯಾವಿಕಿಯ ಸಿಂಟ್ಯಾಕ್ಸ್‌ಹೈಲೈಟ್ ವಿಸ್ತರಣೆ ಇದನ್ನು ಬಳಸುತ್ತವೆ.