ಕಲ್ಯಾಣದ ಮೀನು, ಹುಮನಾಬಾದಿನ ಹಳ್ಳ

ಇಂದಿನ ಬಸವಕಲ್ಯಾಣವಾದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯವಿದೆ. ಅದು ಸುಮಾರು 35 ಜಾತಿಯ ಮೀನುಗಳನ್ನು ಹುರುಪೆಯುಳ್ಳವು, ಹುರುಪೆಯಿಲ್ಲದವು, ಹೊಳೆಯವು, ಕಡಲಿನವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಹಾಕಬೇಕೆಂದೂ ಹೇಳುತ್ತದೆ.

ಬಸವಕಲ್ಯಾಣ, ಹುಮನಾಬಾದ್‌ಗಳ ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ದೊಡ್ಡ ಹೊಳೆಯಿಲ್ಲ. ಮುಲ್ಲಾಮಾರಿಯ ನೀರು ಭೀಮೆಯ ಮೂಲಕ ಕೃಷ್ಣೆಗೂ, ಚುಳುಕಿನಾಲಾ, ಕಾರಂಜಾಗಳ ನೀರು ಮಾಂಜ್ರಾದ ಮೂಲಕ ಗೋದಾವರಿಗೂ ಸೇರುತ್ತದೆ. ಬೇಸಿಗೆಯಲ್ಲಿ ಹಳ್ಳಗಳು ಮಡುಗಳಾಗಿ ಒಡೆಯುತ್ತವೆ. ಹೀಗೆ ನೀರು ಕಡಿಮೆಯಾದಾಗ ಅಲ್ಪ ವಿಷವೂ ತೆಳುವಾಗದೆ ಉಳಿಯುತ್ತದೆ.

ಹೈದರಾಬಾದ್–ಮುಂಬಯಿ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿ, ರಾಸಾಯನಿಕ ಹಾಗೂ ಔಷಧ ಘಟಕಗಳು ಬಂದವು. ದುರ್ವಾಸನೆ, ಕೆಟ್ಟ ನೀರಿನ ಬಗ್ಗೆ ಗಡವಂತಿ, ಮಾಣಿಕನಗರದ ಕಡೆಯ ಜನ ದೂರುತ್ತಲೇ ಬಂದಿದ್ದಾರೆ.

ಇಂಥ ಘಟಕಗಳ ತ್ಯಾಜ್ಯ ಹಳ್ಳ ಸೇರಿದರೆ, ಅದರಲ್ಲಿನ ದ್ರಾವಕ, ಸಾವಯವ ವಸ್ತುಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡದ ಕಾರಣ ಮುಂಜಾವಿನ ಹೊತ್ತಿಗೆ ಕೊರತೆ ತೀವ್ರವಾಗಿ, ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರುಬಿಡುತ್ತವೆ. ಕಾಟ್ಲಾ, ರೋಹು ಮೊದಲು ಸಾಯುತ್ತವೆ. ಗಾಳಿಯನ್ನೇ ಉಸಿರಾಡಬಲ್ಲ ಕೊರವ, ಮುರುಗೋಡು ಸ್ವಲ್ಪ ಕಾಲ ತಾಳುತ್ತವೆ. ಅಮೋನಿಯಾ ಕಿವಿರುಗಳನ್ನು ಹಾಳುಮಾಡಿದರೆ, ಪಾದರಸ, ಸೀಸ ದೇಹದಲ್ಲಿ ಶೇಖರವಾಗಿ ಮೀನು ತಿನ್ನುವವರಿಗೂ ತಲುಪುತ್ತವೆ.

ಔಷಧ ತ್ಯಾಜ್ಯದ ಪರಿಣಾಮ ಇದೇ ಹೆದ್ದಾರಿಯಲ್ಲಿ ಹೈದರಾಬಾದ್ ಬಳಿಯಿರುವ ಪಟಾನ್‌ಚೆರುವಿನಲ್ಲಿ ಸ್ಪಷ್ಟವಾಯಿತು. ಅದು ಕೂಡ ಮಾಂಜ್ರಾ ಜಲಾನಯನಕ್ಕೆ ಸೇರಿದ್ದು. ಅಲ್ಲಿನ ಸಂಸ್ಕರಣಾ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲೊಕ್ಸಾಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತೆಂದು 2007ರಲ್ಲಿ ಸ್ವೀಡನ್ ವಿಜ್ಞಾನಿಗಳು ವರದಿ ಮಾಡಿದರು. ಆ ನೀರು ಶೇ 0.2ರಷ್ಟು ಬೆರೆತರೂ ಕಪ್ಪೆಮರಿಗಳ ಬೆಳವಣಿಗೆ ಕುಂಠಿತವಾಯಿತೆಂದು 2009ರ ಪ್ರಯೋಗ ತೋರಿಸಿತು. ಸಂಸ್ಕರಿಸಿದ ನೀರೆಂದ ಮಾತ್ರಕ್ಕೆ ಅದು ಮೀನಿಗೆ ನಿರಪಾಯವಲ್ಲ.

ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂಬುದು ದೇಶದ ಮಾನದಂಡ. ಕಾರ್ಖಾನೆಯ ಕೊಳವೆಬಾಯಿಯಲ್ಲಿ ಮಾತ್ರವಲ್ಲ, ಬೇಸಿಗೆಯ ಮುಂಜಾವಿನಲ್ಲಿ ಹಳ್ಳದ ಮಡುವಿನಲ್ಲೂ ಇದನ್ನು ಅಳೆದು, ಫಲಿತಾಂಶವನ್ನು ಊರಿನವರಿಗೆ ತಿಳಿಸಬೇಕು.