ಹೊಟ್ಟೆ ಉಳಿಸೋಕೆ ಹೋಗಿ ಹೃದಯಕ್ಕೆ ಬಿದ್ದ ಪೆಟ್ಟು: ಒಂದು ನೋವಿನ ಮಾತ್ರೆಯ ಇತಿಹಾಸ

ಹಲ್ಲುನೋವು, ಮುಟ್ಟಿನ ನೋವು, ಜಿಮ್‌ನಲ್ಲಿ ಹಿಡ್ಕೊಂಡ ಬೆನ್ನು... ಏನೇ ಆದ್ರೂ ನಾವು ಮೊದಲು ಓಡೋದು ಮೆಡಿಕಲ್ ಶಾಪ್‌ಗೆ. ಅಲ್ಲಿ ಸಿಗೋ ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಲ್ಲ ಒಂದೇ ಕುಟುಂಬದವು, ಉರಿಯೂತ ತಗ್ಗಿಸಿ ನೋವು ಇಳಿಸುವ ಮಾತ್ರೆಗಳು. ಕೊಡುವಾಗ ‘ಊಟ ಆದ್ಮೇಲೆ ತಗೊಳ್ಳಿ’ ಅಂತಾರಲ್ಲ, ಆ ಮಾತಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಇವತ್ತು ಅದನ್ನೇ ಹೇಳ್ತೀನಿ.

ಶುರು ಜರ್ಮನಿಯಿಂದ. 1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಒಂದು ಔಷಧವನ್ನು ಶುದ್ಧ ರೂಪದಲ್ಲಿ ತಯಾರಿಸಿದರು. 1899ರಲ್ಲಿ ಅದಕ್ಕೆ ಆಸ್ಪಿರಿನ್ ಅಂತ ಹೆಸರಾಯ್ತು. ಹಳೆಯ ಸ್ಯಾಲಿಸಿಲೇಟ್ ಔಷಧಗಳು ಹೊಟ್ಟೆ ಕೆಡಿಸ್ತಿದ್ದವು, ಇದು ಮೃದು ಅನ್ನೋ ನಂಬಿಕೆ ಇತ್ತು. ಆದರೆ 1938ರಲ್ಲಿ ಲಂಡನ್‌ನ ಇಬ್ಬರು ವೈದ್ಯರು ಕೊಳವೆ ಇಳಿಸಿ ಆಸ್ಪಿರಿನ್ ತಗೊಂಡವರ ಜಠರದ ಒಳಗೇ ನೋಡಿದರು. ಹಲವರಲ್ಲಿ ಒಳಪದರ ಕೆಂಪೇರಿತ್ತು.

ಯಾಕೆ ಹೀಗಾಗುತ್ತೆ? ಉತ್ತರ ಸಿಕ್ಕಿದ್ದು 1971ರಲ್ಲಿ, ಬ್ರಿಟನ್ನಿನ ಜಾನ್ ವೇನ್ ಅವರಿಂದ. ನಮ್ಮ ದೇಹ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕಗಳನ್ನು ತಯಾರಿಸುತ್ತೆ. ನೋವು, ಊತ ಹೆಚ್ಚಿಸೋದು ಅವೇ. ಜಠರದ ಗೋಡೆಯನ್ನು ಆಮ್ಲದಿಂದ ಕಾಪಾಡೋದೂ ಅವೇ! ಮಾತ್ರೆ ಅವುಗಳ ತಯಾರಿಯನ್ನೇ ತಡೆಯುತ್ತೆ. ಅಂದ್ರೆ ಅಡ್ಡಪರಿಣಾಮ ಆಕಸ್ಮಿಕ ಅಲ್ಲ, ಅದು ಔಷಧದ ಕೆಲಸದ್ದೇ ಇನ್ನೊಂದು ಮುಖ. 1982ರಲ್ಲಿ ವೇನ್ ಅವರಿಗೆ ನೊಬೆಲ್ ಬಂತು.

1990ರ ದಶಕದ ಹೊತ್ತಿಗೆ ಇನ್ನೊಂದು ವಿಷಯ ಗೊತ್ತಾಗಿತ್ತು. ಈ ರಾಸಾಯನಿಕಗಳನ್ನು ತಯಾರಿಸುವ ಕಿಣ್ವ ಒಂದಲ್ಲ, ಎರಡು. ಮುಖ್ಯವಾಗಿ ಜಠರ ಕಾಯೋದು ಕಾಕ್ಸ್-1, ಉರಿಯೂತದಲ್ಲಿ ಏರೋದು ಕಾಕ್ಸ್-2. ಎರಡನೆಯದನ್ನು ಮಾತ್ರ ತಡೆದರೆ ನೋವೂ ಹೋಗುತ್ತೆ, ಹೊಟ್ಟೆಯೂ ಉಳಿಯುತ್ತೆ! ಹೀಗೆ 1999ರಲ್ಲಿ ಅಮೆರಿಕದ ಮರ್ಕ್ ಕಂಪನಿಯ ವಯಾಕ್ಸ್ ಮಾರುಕಟ್ಟೆಗೆ ಬಂತು.

2000ದಲ್ಲಿ, ಸುಮಾರು 8,000 ಸಂಧಿವಾತ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯ್ತು. ಹೊಟ್ಟೆಯ ತೊಂದರೆ ಅರ್ಧಕ್ಕೆ ಇಳಿದಿತ್ತು, ನಿಜ. ಆದರೆ ಹಳೆಯ ಮಾತ್ರೆ ನ್ಯಾಪ್ರೋಕ್ಸೆನ್ ತಗೊಂಡವರಿಗಿಂತ ವಯಾಕ್ಸ್ ತಗೊಂಡವರಲ್ಲಿ ಹೃದಯಾಘಾತ ಹಲವು ಪಟ್ಟು ಹೆಚ್ಚಿತ್ತು. ಕಂಪನಿ ಕೊಟ್ಟ ವಿವರಣೆ ಏನು ಗೊತ್ತಾ? ವಯಾಕ್ಸ್ ಹೃದಯಕ್ಕೆ ಕೆಟ್ಟದ್ದಲ್ಲ, ನ್ಯಾಪ್ರೋಕ್ಸೆನ್ ಹೃದಯಕ್ಕೆ ಒಳ್ಳೆಯದು ಅಂತ! ನನ್ನನ್ನು ಹೆಚ್ಚು ಕಾಡೋದು ಇದೇ. ಎಚ್ಚರಿಕೆ ಕಣ್ಣಮುಂದೆ ಇತ್ತು, ಮಾರಾಟ ಮಾತ್ರ ಇನ್ನೂ ನಾಲ್ಕು ವರ್ಷ ನಡೀತು.

ಮುಂದೆ ಇನ್ನೊಂದು ಪರೀಕ್ಷೆಯಲ್ಲಿ ವಯಾಕ್ಸನ್ನು ಬರೀ ಖಾಲಿ ಮಾತ್ರೆಯ ಜೊತೆ ಹೋಲಿಸಿದರು. 18 ತಿಂಗಳ ಬಳಕೆಯ ನಂತರ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಾಗಿದ್ದು ಸ್ಪಷ್ಟವಾಯ್ತು. ನೆಪಕ್ಕೆ ಜಾಗ ಉಳಿಯಲಿಲ್ಲ. 2004ರ ಸೆಪ್ಟೆಂಬರ್ 30ರಂದು ಮರ್ಕ್ ಮಾತ್ರೆಯನ್ನು ವಾಪಸ್ ಪಡೆಯಿತು. ಅದೇ ವರ್ಷ ಭಾರತದಲ್ಲೂ ಈ ಔಷಧ ನಿಷೇಧವಾಯ್ತು. ಅಮೆರಿಕದಲ್ಲೇ 88,000ದಿಂದ 1,40,000 ಹೆಚ್ಚುವರಿ ಗಂಭೀರ ಹೃದಯ ಸಮಸ್ಯೆಗಳಿಗೆ ಇದು ಕಾರಣವಾಗಿರಬಹುದು ಅಂತ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು 2005ರಲ್ಲಿ ಅಂದಾಜಿಸಿದರು. 2007ರಲ್ಲಿ ಮರ್ಕ್ 485 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ಇತ್ಯರ್ಥ ಮಾಡಿಕೊಳ್ಳಲು ಒಪ್ಪಿತು.

ಇದಕ್ಕೂ ನಮಗೂ ಏನು ಸಂಬಂಧ? ಹೃದಯದ ಅಪಾಯ ವಯಾಕ್ಸ್‌ಗೆ ಮಾತ್ರ ಸೀಮಿತ ಅಲ್ಲ ಅಂತ ಆಮೇಲೆ ತಿಳೀತು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗೂ ಆ ಎಚ್ಚರಿಕೆ ಇದೆ. ಇನ್ನು ‘ಊಟ ಆದ್ಮೇಲೆ’ ಅನ್ನೋ ಮಾತು? ಅದು ಅರ್ಧ ರಕ್ಷಣೆ ಅಷ್ಟೇ. ಔಷಧ ರಕ್ತದ ಮೂಲಕವೂ ಜಠರ ತಲುಪುತ್ತೆ, ಹಾಗಾಗಿ ಇಂಜೆಕ್ಷನ್ ತಗೊಂಡ್ರೂ ಹುಣ್ಣು ಆಗಬಹುದು. ಕಿಡ್ನಿ, ಹೃದಯದ ತೊಂದರೆ ಅಥವಾ ಹುಣ್ಣು ಇರೋರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬೇಡಿ. ಡೆಂಗಿ ಅನುಮಾನ ಇದ್ದಾಗಲೂ ಬೇಡ, ರಕ್ತಸ್ರಾವದ ಅಪಾಯ ಇದೆ. ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಮಂಡಿನೋವಿಗೆ ದಿನಾ ಮಾತ್ರೆ ನುಂಗೋ ಹಿರಿಯರಿದ್ದರೆ ಈ ಸಂಚಿಕೆ ಅವರಿಗೂ ಕೇಳಿಸಿ. ಮತ್ತೆ ಸಿಗೋಣ.