ಬಾನುಲಿಗೆ ಗಡಿಯುಂಟೆ?

ಚಿಮ್ಮಡದಿಂದ ಉತ್ತರಕ್ಕೆ ಹೊರಟು, ಕೃಷ್ಣೆಯನ್ನು ದಾಟಿ, ಅಥಣಿ ಸೀಮೆಯನ್ನು ಹಾದುಹೋದರೆ ಜತ್ತ ತಾಲೂಕು ಸಿಗುತ್ತದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ನಮ್ಮದೇ. ರಾಜ್ಯ ಮಾತ್ರ ಮಹಾರಾಷ್ಟ್ರ.

ಒಂದು ಕಾಲಕ್ಕೆ ನಮ್ಮ ಪಾಡೂ ಹೀಗೆಯೇ ಇದ್ದಿತೆಂಬುದನ್ನು ಓದುಗರು ನೆನೆಯಬೇಕು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದಾಗ ಹೊಲಮನೆಗಳಲ್ಲಿ ಕನ್ನಡ, ದರಬಾರದಲ್ಲಿ ಮರಾಠಿ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಲ್ಲಿಯೂ ಕನ್ನಡಿಗರು ಅಲ್ಪಸಂಖ್ಯಾತರೇ. ಅಂಥ ಹೊತ್ತಿನಲ್ಲಿ, 1950ರ ಜನವರಿ 8ರಂದು, ಧಾರವಾಡದ ಬಾನುಲಿ ನಿಲಯ ಪ್ರಾರಂಭವಾಯಿತು. ರಾಜ್ಯಗಳ ಪುನರ್ರಚನೆಯಾದದ್ದು 1956ರ ನವೆಂಬರ್ 1ಕ್ಕೆ. ನೆಲ ಒಂದಾಗುವುದಕ್ಕೆ ಸುಮಾರು ಏಳು ವರುಷ ಮೊದಲೇ ಕನ್ನಡದ ದನಿ ಒಂದಾಗತೊಡಗಿತ್ತು! ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳು ಆಚೆಗೆ ಉಳಿದವು. ಆದರೆ ಬಾನುಲಿಯ ಅಲೆ ಗಡಿಕಲ್ಲನ್ನು ಕಂಡು ಹಿಂದಿರುಗುವಂಥದಲ್ಲ.

ಆದರೂ ಅಲೆಗೆ ದೂರದ ಮಿತಿಯುಂಟು. ನಿಲಯಕ್ಕೆ ವೇಳೆಯ ಮಿತಿಯುಂಟು. ಆಸ್ಟ್ರೇಲಿಯದ ಸಂಗತಿಯನ್ನು ನೋಡಿರಿ. ಸರಕಾರದ ಹೊಸ ಆರೋಗ್ಯ ಯೋಜನೆಯನ್ನು ವಲಸೆ ಬಂದವರಿಗೆ ಅವರವರ ನುಡಿಯಲ್ಲಿ ತಿಳಿಸಲೆಂದು 1975ರ ಜೂನ್ ತಿಂಗಳಲ್ಲಿ ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಎರಡು ನಿಲಯಗಳನ್ನು ತೆರೆದರು. 1978ರಲ್ಲಿ ಅವು ಎಸ್.ಬಿ.ಎಸ್. ಸಂಸ್ಥೆಯ ಕೈಸೇರಿದವು. ಅಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿದೆ. ಆದರೆ ಒಂದೇ ಅಲೆಯನ್ನು ಹಲವು ನುಡಿಗಳು ಹಂಚಿಕೊಂಡಾಗ ಒಂದೊಂದಕ್ಕೆ ಸಿಗುವುದು ಸ್ವಲ್ಪವೇ ಹೊತ್ತು. ಆ ಹೊತ್ತು ತಪ್ಪಿದರೆ ಮಾತೂ ತಪ್ಪಿತು.

ಈ ತೊಡಕನ್ನು ಬಿಡಿಸಿದ್ದು ಅಂತರಜಾಲ. ದನಿಯನ್ನು ಅಂಕೆಗಳಾಗಿ ಮಾರ್ಪಡಿಸಿ, ಕೇಳಿದವರಿಗೆ ಕೇಳಿದಾಗ ಕಳಿಸುವ ಏರ್ಪಾಡು ಅದು. ಎಸ್.ಬಿ.ಎಸ್.ನ ಕನ್ನಡವನ್ನು ಚಿಮ್ಮಡದ ಕಟ್ಟೆಯ ಮೇಲೆ ಕುಳಿತು ಕೇಳಬಹುದು. ಆಕಾಶವಾಣಿಯೂ ತನ್ನ ನಿಲಯಗಳ ಪ್ರಸಾರವನ್ನು ‘ನ್ಯೂಸ್ ಆನ್ ಏರ್’ ಆ್ಯಪಿನ ಮೂಲಕ ದೇಶಾಂತರಗಳಿಗೆ ಮುಟ್ಟಿಸಿದೆ.

ಹಾಗೆಂದು ಹಳೆಯದನ್ನು ಹಗುರಾಗಿ ಎಣಿಸಬಾರದು. ಪ್ರಸಾರಕೇಂದ್ರ ಒಮ್ಮೆ ನುಡಿದರೆ ಸಾವಿರ ಜನ ಕೇಳಲಿ, ಲಕ್ಷ ಜನ ಕೇಳಲಿ, ಕೇಂದ್ರದ ಖರ್ಚು ಅಷ್ಟೇ. ಕೇಳುವವನಿಗೂ ರೇಡಿಯೋ ಒಂದಿದ್ದರೆ ಸಾಕು. ಅಂತರಜಾಲದಲ್ಲಿ ಪ್ರತಿಯೊಬ್ಬನಿಗೂ ಬೇರೆಯಾಗಿ ದನಿ ಹರಿಯಬೇಕು. ಮೊಬೈಲಿಗೆ ಹಣ ತುಂಬಬೇಕು. ನೆಟ್‌ವರ್ಕ್ ಸಿಗದ ಹೊಲದಲ್ಲಿ ಅದು ಮೂಕ.

ಇಷ್ಟಾಗಿಯೂ ಸಣ್ಣ ಸಮುದಾಯಕ್ಕೆ ಇಂಥ ಅನುಕೂಲ ಹಿಂದೆಂದೂ ಇರಲಿಲ್ಲ. ಜತ್ತದ ಕನ್ನಡ ಜತ್ತದವರ ಬಾಯಿಂದಲೇ ಕೇಳಿಬರಬಹುದು. ಅದಕ್ಕೆ ಇನ್ನು ಯಾವ ರಾಜಧಾನಿಯ ಅಪ್ಪಣೆಯನ್ನೂ ಕಾಯಬೇಕಿಲ್ಲ. ಬೇಕಾದದ್ದು ದಿನವೂ ಬೇಸರಿಸದೆ ಮಾತನಾಡುವ ನಾಲ್ಕು ಮಂದಿ, ಕಿವಿಗೊಡುವ ನಾಲ್ಕು ಮನೆ. ಅವೆರಡೂ ಇಲ್ಲವಾದರೆ ಯಾವ ಯಂತ್ರವೂ ನುಡಿಯನ್ನು ಉಳಿಸಲಾರದು.